ರಿಮೋಟ್ ನನ್ನ ಕೈಲಿದೆ

ಸೀರಿಯಲ್, ಸಿನಿಮಾ, ವೆಬ್ ಸೀರೀಸ್ ಬಗ್ಗೆ ಓದುಗರು ಕೇಳಿದ್ದಕ್ಕೆ ಒಬ್ಬ ಸಾಮಾನ್ಯ ವೀಕ್ಷಕಿಯ ಉತ್ತರ

ಪ್ರಶ್ನೆ: ಮೇಡಂ, ನೀವು ಸಿನಿಮಾ ಬಗ್ಗೆ ಓದಿಕೊಂಡವರಲ್ಲ, ವಿಮರ್ಶಕಿಯೂ ಅಲ್ಲ. ಯಾವ ಧೈರ್ಯದ ಮೇಲೆ ಅದು ಚೆನ್ನಾಗಿದೆ, ಇದು ಚೆನ್ನಾಗಿಲ್ಲ ಅಂತ ಬರೆಯುತ್ತೀರಿ?
– ಕಾಲೇಜು ವಿದ್ಯಾರ್ಥಿ

ನೋಡಿದ ಧೈರ್ಯದ ಮೇಲೆ. ನಾನು ಟೀವಿ ಮುಂದೆ ಕೂರುವುದೇ ಒಗೆದ ಬಟ್ಟೆ ಮಡಚುವ ಹೊತ್ತಿನಲ್ಲಿ. ಕಣ್ಣು ಟೀವಿ ಕಡೆ, ಕೈ ಬಟ್ಟೆ ಕಡೆ. ಯಾವುದಾದರೂ ಸೀನ್ ಬಂದಾಗ ಕೈ ತಾನಾಗಿ ನಿಂತರೆ ಆ ಸೀನ್ ಚೆನ್ನಾಗಿದೆ ಅಂತ ನನ್ನ ಲೆಕ್ಕ. ಕಂತು ಮುಗಿಯುವಷ್ಟರಲ್ಲಿ ಬುಟ್ಟಿ ಖಾಲಿಯಾಗಿ, ಇಸ್ತ್ರಿಗೆ ಹೋಗುವುದು ಬೇರೆಯಾಗಿ, ಉಳಿದದ್ದೆಲ್ಲ ಕಪಾಟು ಸೇರಿದ್ದರೆ ಆ ಕಂತು ನನ್ನ ಪಾಲಿಗೆ ರೇಡಿಯೋ. ವಿಮರ್ಶಕರು ಇಡೀ ಸಿನಿಮಾಕ್ಕೆ ತೀರ್ಪು ಕೊಡಬೇಕು. ನನಗೆ ಆ ತಲೆನೋವಿಲ್ಲ. ಆದರೆ 'ಬೋರು' ಅಂದು ಕೈ ತೊಳೆದುಕೊಳ್ಳುವುದೂ ಇಲ್ಲ. ಯಾವ ಸೀನ್‌ನಲ್ಲಿ ಬೋರಾಯಿತು, ಯಾಕೆ ಆಯಿತು ಅಂತ ಹೇಳುತ್ತೇನೆ. ನೀವೂ ಸ್ನೇಹಿತರ ಜೊತೆ ಹಾಗೆ ಮಾತಾಡಿ ನೋಡಿ. ಇಬ್ಬರೂ ಒಂದೇ ಸಿನಿಮಾ ನೋಡಿ ಬಂದಿದ್ದೀರಾ ಅನ್ನುವುದೇ ಕೆಲವು ಸಲ ಅನುಮಾನವಾಗುತ್ತದೆ. ಅಲ್ಲಿಂದ ಮಾತು ರುಚಿಯಾಗುತ್ತದೆ.

ಪ್ರಶ್ನೆ: ಸೀರಿಯಲ್‌ನಲ್ಲಿ ಅತ್ತೆ ಒಂದು ಏಟು ಹೊಡೆದರೆ ಅದನ್ನೇ ಮೂರು ಸಲ ತೋರಿಸುತ್ತಾರೆ. ಆಮೇಲೆ ಮನೆಯಲ್ಲಿರುವ ಎಲ್ಲರ ಮುಖ. ಅಷ್ಟರಲ್ಲಿ ಜಾಹೀರಾತು ಬಂದೇಬಿಡುತ್ತದೆ. ಯಾಕಕ್ಕಾ ಹೀಗೆ?
– ಕೆಲಸದ ನಡುವೆ ಸೀರಿಯಲ್ ಕೇಳಿಸಿಕೊಳ್ಳುವವಳು

ನಿಮ್ಮಂಥವರಿಗಾಗಿಯೇ ತಂಗೀ. ದಿನಾ ಬರುವ ಸೀರಿಯಲ್ ಕೂತು ನೋಡುವವರಿಗಷ್ಟೇ ಮಾಡಿದ್ದಲ್ಲ. ಓಡಾಡುತ್ತಾ ನೋಡುವವರಿಗೂ ಮಾಡಿದ್ದು. ಆ 'ಧಡ್ ಧಡ್' ಸದ್ದು ಇದೆಯಲ್ಲ, ಅದು ಒಳಗಿದ್ದವರನ್ನು ಕೂಗಿ ಕರೆಯುವುದಕ್ಕೆ. ಮೊದಲ ಏಟಿಗೆ ನೀವು ತಿರುಗುತ್ತೀರಿ, ಎರಡನೆಯದಕ್ಕೆ ಬಾಗಿಲಿಗೆ ಬರುತ್ತೀರಿ, ಮೂರನೆಯದನ್ನು ನೋಡುತ್ತೀರಿ.

ಇನ್ನೊಂದು ಕಾರಣ ಸಮಯ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ 20–22 ನಿಮಿಷ ತುಂಬಿಸಬೇಕು. ವಾರಕ್ಕೆ ಐದಾರು ಕಂತು. ಅಷ್ಟಕ್ಕೆಲ್ಲ ಕಥೆ ಎಲ್ಲಿಂದ ತರುತ್ತಾರೆ? ಮುಖ ತೋರಿಸುವುದು ಎಲ್ಲಕ್ಕಿಂತ ಸುಲಭ. ಸಂಭಾಷಣೆ ಬರೆಯಬೇಕಿಲ್ಲ, ನಟರು ಬಾಯಿಪಾಠ ಮಾಡಬೇಕಿಲ್ಲ. ಒಂದು ಸಲ ಲೈಟಿಂಗ್ ಮಾಡಿಕೊಂಡರೆ ಒಬ್ಬೊಬ್ಬರನ್ನೇ ನಿಲ್ಲಿಸಿ 'ಗಾಬರಿಯಾಗಿ ನೋಡಿ' ಅಂತ ಹೇಳಿ ಎಂಟು ಮುಖ ತೆಗೆದುಕೊಂಡು ಬಿಡಬಹುದು. ಎಡಿಟಿಂಗ್‌ನಲ್ಲಿ ಎಲ್ಲಿ ಬೇಕಾದರೂ ಸೇರಿಸಬಹುದು.

ಇದರ ಮೇಲೆ ಟಿಆರ್‌ಪಿ. ಈ ದೇಶದಲ್ಲಿ ಬಾರ್ಕ್ ಅನ್ನುವ ಸಂಸ್ಥೆ 50 ಸಾವಿರಕ್ಕೂ ಹೆಚ್ಚು ಮನೆಗಳ ಟೀವಿಗೆ ಮೀಟರ್ ಕೂರಿಸಿ, ಯಾರು ಯಾವ ಚಾನೆಲ್ ನೋಡಿದರು ಅಂತ ಲೆಕ್ಕ ಹಾಕುತ್ತದೆ. ಆ ಲೆಕ್ಕ ವಾರವಾರ ಚಾನೆಲ್‌ಗಳ ಕೈಗೆ ಬರುತ್ತದೆ. ಏಟು ಬಿದ್ದ ವಾರ ಅಂಕ ಏರಿತು ಅಂದುಕೊಳ್ಳಿ. ಮುಂದಿನ ವಾರ ಯಾರ ಕೆನ್ನೆ ಅಂತ ಹುಡುಕುವುದಷ್ಟೇ ಬಾಕಿ.

ನನಗೆ ಮೂರು ಸಲ ತೋರಿಸಿದ್ದಕ್ಕೆ ಸಿಟ್ಟಿಲ್ಲ. ಸಿಟ್ಟು ಬರುವುದು ಮುಖಗಳ ಸರದಿಗೆ. ಗಂಡ, ಮಾವ, ನಾದಿನಿ, ಕಂಬದ ಪಕ್ಕ ನಿಂತ ಚಿಕ್ಕಮ್ಮ, ಮಹಡಿ ಮೆಟ್ಟಿಲ ಮೇಲಿನ ಮಗು, ಎಲ್ಲ ಮುಗಿದ ಮೇಲೆ ಏಟು ತಿಂದವಳ ಮುಖ. ಅಷ್ಟು ಹೊತ್ತಿಗೆ ಪಾಪ, ಅವಳ ಕಣ್ಣೀರೂ ಒಣಗಿರುತ್ತದೆ. ಒಮ್ಮೆಯಾದರೂ ಕ್ಯಾಮೆರಾ ಅವಳ ಮೇಲೇ ನಿಂತು, ಉಳಿದವರ ಉಸಿರು ಮಾತ್ರ ಕೇಳಿಸಿದರೆ ಹೇಗಿರುತ್ತದೆ ಅಂತ ಯೋಚಿಸಿ. ಖರ್ಚು ಅದಕ್ಕಿಂತ ಕಡಿಮೆ!

ಪ್ರಶ್ನೆ: ನಮ್ಮಮ್ಮ ನೋಡುವ ಸೀರಿಯಲ್ ಮುಗಿಯುವುದು ಯಾವಾಗ?
– ರಿಮೋಟ್ ಸಿಗದ ಮಗ

ಇಂಗ್ಲೆಂಡಿನಲ್ಲಿ 'ಕೊರೊನೇಷನ್ ಸ್ಟ್ರೀಟ್' ಅಂತ ಒಂದು ಸೀರಿಯಲ್ 1960ರ ಡಿಸೆಂಬರ್ 9ರಂದು ಶುರುವಾಯಿತು. ಮೊದಲ ಕಂತಿನಲ್ಲಿದ್ದ ವಿಲಿಯಂ ರೋಚ್ ಅನ್ನುವ ನಟ 60 ವರ್ಷ ಕಳೆದ ಮೇಲೂ ಅದೇ ಪಾತ್ರ ಮಾಡುತ್ತಿದ್ದರು. ಅಮೆರಿಕದ 'ಗೈಡಿಂಗ್ ಲೈಟ್' 1937ರಲ್ಲಿ ರೇಡಿಯೋದಲ್ಲಿ ಹುಟ್ಟಿ, 1952ರಲ್ಲಿ ಟೀವಿಗೆ ಬಂದು, 2009ರಲ್ಲಿ ಮುಗಿಯಿತು. ಅಮ್ಮನ ಜೊತೆ ರಾಜಿ ಮಾಡಿಕೊಳ್ಳಿ.

ಪ್ರಶ್ನೆ: ಹೊಸದಾಗಿ ದೊಡ್ಡ ಟೀವಿ ತಂದೆವು. ಹಳೆಯ ಸಿನಿಮಾ ಹಾಕಿದರೆ ಸೀರಿಯಲ್ ತರಹ ಕಾಣುತ್ತದೆ. ನಟರು ನಡೆಯುವಾಗ ನೆಲದ ಮೇಲೆ ಜಾರಿಕೊಂಡು ಹೋಗುತ್ತಿರುವ ಹಾಗೆ. ಮಾರಿದವರನ್ನು ಕೇಳಿದರೆ 'ಅದೇ ಸಾರ್ ಕ್ವಾಲಿಟಿ' ಅಂದರು. ನನ್ನ ಕಣ್ಣೇ ಸರಿಯಿಲ್ಲವೇ?
– ನಿವೃತ್ತ ಮೇಷ್ಟ್ರು

ನಿಮ್ಮ ಕಣ್ಣು ಬಹಳ ಚೆನ್ನಾಗಿದೆ ಮೇಷ್ಟ್ರೇ. ಎಷ್ಟೋ ಮನೆಯಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ.

ಸಿನಿಮಾ ಮಾತು ಕಲಿತ ಕಾಲದಿಂದ, ಅಂದರೆ 1920ರ ದಶಕದ ಕೊನೆಯಿಂದ, ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ ತೆಗೆಯುವುದು ರೂಢಿ. ನಿಮ್ಮ ಹೊಸ ಟೀವಿ ಸೆಕೆಂಡಿಗೆ 60 ಅಥವಾ 120 ಚಿತ್ರ ತೋರಿಸಬಲ್ಲದು. ಉಳಿದ ಚಿತ್ರಗಳು ಎಲ್ಲಿಂದ ಬರಬೇಕು? ಟೀವಿಯೇ ಬರೆದುಕೊಳ್ಳುತ್ತದೆ. ನಾಯಕ ಕೈ ಎತ್ತಿದ ಅಂದುಕೊಳ್ಳಿ. ಒಂದು ಚಿತ್ರದಲ್ಲಿ ಕೈ ಸೊಂಟದ ಹತ್ತಿರ, ಮುಂದಿನದರಲ್ಲಿ ಎದೆಯ ಹತ್ತಿರ. ನಡುವೆ ಕೈ ಎಲ್ಲಿರಬಹುದು ಅಂತ ಟೀವಿ ಊಹೆ ಮಾಡಿ, ಯಾವ ಕ್ಯಾಮೆರಾವೂ ನೋಡದ ಒಂದು ಕೈಯನ್ನು ಅಲ್ಲಿ ತಂದಿಡುತ್ತದೆ. ಹಾಗಾಗಿ ಚಲನೆ ಅತಿ ನಯವಾಗುತ್ತದೆ. ಸ್ಟುಡಿಯೋದಲ್ಲಿ ವಿಡಿಯೋ ಕ್ಯಾಮೆರಾದಿಂದ ತೆಗೆದ ಹಳೆಯ ಸೀರಿಯಲ್‌ಗಳಲ್ಲೂ ಇಂಥದೇ ನಯ ಇರುತ್ತಿತ್ತು, ಏಕೆಂದರೆ ಅಲ್ಲಿ ಸೆಕೆಂಡಿಗೆ 50–60 ಬಾರಿ ಚಿತ್ರ ಬದಲಾಗುತ್ತಿತ್ತು. ನೀವು ಸೀರಿಯಲ್ ಅಂದದ್ದು ಅದಕ್ಕೇ. ಸ್ವಲ್ಪ ಹತ್ತಿರ ಕೂತು ನೋಡಿ. ಓಡುವವರ ತಲೆಯ ಸುತ್ತ ಗಾಳಿ ಅಲುಗಾಡಿದ ಹಾಗೆ ಒಂದು ಅಂಚು ಕಾಣುತ್ತದೆ. ಅದು ಟೀವಿಯ ಊಹೆ ತಪ್ಪಿದ ಜಾಗ.

ಸರಿಮಾಡುವುದು ಸುಲಭ. ಸೆಟ್ಟಿಂಗ್ಸ್‌ಗೆ ಹೋಗಿ, ಪಿಕ್ಚರ್ ಅನ್ನುವ ಕಡೆ ಮೋಷನ್ ಅಂತ ಏನಿದ್ದರೂ ಆಫ್ ಮಾಡಿ. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನ ಹಲವು ಟೀವಿಗಳಲ್ಲಿ ಆಟೋ ಮೋಷನ್ ಪ್ಲಸ್. ಕೆಲವು ಹೊಸ ಟೀವಿಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಅಂತಲೇ ಇರುತ್ತದೆ. ಅದನ್ನು ಒತ್ತಿದರೆ ಎಲ್ಲಾ ಒಟ್ಟಿಗೆ ಆಫ್. ನೀವು ಒಬ್ಬರೇ ಅಲ್ಲ ಮೇಷ್ಟ್ರೇ, ನಟ ಟಾಮ್ ಕ್ರೂಸ್ 2018ರಲ್ಲಿ 'ದಯವಿಟ್ಟು ಇದನ್ನು ಆಫ್ ಮಾಡಿಕೊಂಡು ಸಿನಿಮಾ ನೋಡಿ' ಅಂತ ಒಂದು ವಿಡಿಯೋನೇ ಮಾಡಿ ಹಾಕಿದ್ದರು. ಕ್ರಿಕೆಟ್ಟಿಗೆ ಬೇಕಾದರೆ ಮತ್ತೆ ಆನ್ ಮಾಡಿಕೊಳ್ಳಿ, ಅಲ್ಲಿ ಚೆಂಡು ಚೆನ್ನಾಗಿ ಕಾಣುತ್ತದೆ.

ಹಾಗೇ ಬಣ್ಣವನ್ನೂ 'ವಿವಿಡ್' ಅಥವಾ 'ಡೈನಾಮಿಕ್'ನಿಂದ 'ಸಿನಿಮಾ'ಗೆ ಬದಲಾಯಿಸಿ. ಮೊದಲೆರಡು ದಿನ ಮಂಕಾಗಿ, ಹಳದಿಯಾಗಿ ಕಾಣುತ್ತದೆ. ಮನೆಯವರು ಗೊಣಗುತ್ತಾರೆ. ರಿಮೋಟ್ ಬಚ್ಚಿಡಿ.

ಪ್ರಶ್ನೆ: ಪಿಸುಮಾತು ಕೇಳಿಸುವುದಿಲ್ಲ ಅಂತ ವಾಲ್ಯೂಮ್ ಏರಿಸುತ್ತೇನೆ. ಮರುಕ್ಷಣವೇ ಬಾಂಬ್ ಬೀಳುತ್ತದೆ. ಮಗು ಎದ್ದು ಕೂರುತ್ತದೆ. ಏನು ಮಾಡಲಿ?
– ರಾತ್ರಿ ಹೊತ್ತು ಮಾತ್ರ ಸಿನಿಮಾ ನೋಡುವ ತಾಯಿ

ತಪ್ಪು ನಿಮ್ಮ ಕಿವಿಯದ್ದಲ್ಲ. ಸಿನಿಮಾದ ಸದ್ದನ್ನು ಥಿಯೇಟರಿಗೆ ಅಂತ ಕೂಡಿಸಿರುತ್ತಾರೆ. 5.1 ಅಂದರೆ ಮುಂದೆ ಮೂರು ಸ್ಪೀಕರ್, ಹಿಂದೆ ಎರಡು, ಬಾಂಬ್ ಗುಡುಗಿಗೆಲ್ಲ ಬೇರೆ ಒಂದು. ಮಾತು ಹೆಚ್ಚಾಗಿ ಮುಂದಿನ ನಡು ಸ್ಪೀಕರಿನಲ್ಲಿ ಇರುತ್ತದೆ. ನಿಮ್ಮ ತೆಳ್ಳನೆಯ ಟೀವಿಯಲ್ಲಿ ಇರುವುದು ಎರಡು ಪುಟಾಣಿ ಸ್ಪೀಕರ್. ಅವೂ ನೆಲದ ಕಡೆಗೋ ಗೋಡೆ ಕಡೆಗೋ ಮುಖ ಮಾಡಿಕೊಂಡಿರುತ್ತವೆ. ಆರು ಜನರ ಕೆಲಸ ಇಬ್ಬರ ತಲೆಗೆ.

ಆ್ಯಪ್‌ನಲ್ಲಿ ಭಾಷೆ ಆರಿಸುವ ಕಡೆ '5.1' ಅಂತ ಇದ್ದರೆ ಅದನ್ನು ಬಿಟ್ಟು ಸ್ಟೀರಿಯೋ ಆರಿಸಿ. ಟೀವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ 'ಕ್ಲಿಯರ್ ವಾಯ್ಸ್' ಅಥವಾ 'ನೈಟ್ ಮೋಡ್' ಇದ್ದರೆ ಹಾಕಿ. ಮೊದಲನೆಯದು ಮಾತನ್ನು ಎತ್ತಿ ಕೇಳಿಸುತ್ತದೆ, ಎರಡನೆಯದು ದೊಡ್ಡ ಸದ್ದನ್ನು ಇಳಿಸಿ ಸಣ್ಣ ಸದ್ದನ್ನು ಎತ್ತುತ್ತದೆ. ಅದೂ ಸಾಲದಿದ್ದರೆ ಸಬ್‌ಟೈಟಲ್. ಬರುವ ಭಾಷೆಗೂ ಸಬ್‌ಟೈಟಲ್ ಹಾಕಿಕೊಂಡು ನೋಡುವುದು ನಾಚಿಕೆಯ ವಿಷಯ ಅಂತ ಯಾರು ಹೇಳಿದರೋ ಗೊತ್ತಿಲ್ಲ. ನಾನಂತೂ ಹಾಕಿಕೊಳ್ಳುತ್ತೇನೆ. ಇವತ್ತಿನ ಕೆಲವು ನಟರು ಬಾಯಿ ತೆರೆಯದೆ ಮಾತಾಡುವುದನ್ನೇ ನಟನೆ ಅಂದುಕೊಂಡಿದ್ದಾರೆ, ಅದಕ್ಕೆ ಟೀವಿ ಕಂಪನಿ ಏನು ಮಾಡೀತು?

ಪ್ರಶ್ನೆ: ನನ್ನ ಮಗ ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಾನೆ. 'ಟೈಮ್ ಉಳಿಯುತ್ತೆ ಅಮ್ಮ' ಅಂತಾನೆ. ಇದು ನೋಡಿದ ಹಾಗಾ?
– ಚಿಂತೆಯಲ್ಲಿರುವ ತಾಯಿ

ಏನು ನೋಡುತ್ತಾನೆ ಅನ್ನುವುದರ ಮೇಲೆ ಹೋಗುತ್ತದೆ. ಚರ್ಚೆ ಕಾರ್ಯಕ್ರಮವಾದರೆ ಎರಡು ಪಟ್ಟು ಓಡಿಸಲಿ, ನಷ್ಟವಿಲ್ಲ. ರಿಯಾಲಿಟಿ ಶೋದಲ್ಲಿ ಯಾರು ಹೊರಹೋಗುತ್ತಾರೆ ಅಂತ ಹೇಳುವ ಮೊದಲು ನಿರೂಪಕರು ಎಳೆಯುವ ಮೌನಕ್ಕೂ ಅದೇ ಮದ್ದು. ನೆಟ್‌ಫ್ಲಿಕ್ಸ್ ಈ ವೇಗದ ಗುಂಡಿಯನ್ನು ಮೊಬೈಲಿಗೆ ತಂದದ್ದು 2020ರಲ್ಲಿ. ಹಿಂದಿನ ವರ್ಷ ಪರೀಕ್ಷೆ ಮಾಡುತ್ತಿದ್ದಾರೆ ಅನ್ನುವ ಸುದ್ದಿಗೇ ಹಲವು ನಿರ್ದೇಶಕರು ಸಿಡಿದೆದ್ದಿದ್ದರು.

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಒಂದು ಸೀನ್ ಊಹಿಸಿಕೊಳ್ಳಿ. ವರ್ಷಗಟ್ಟಲೆ ಮನೆ ಬಿಟ್ಟಿದ್ದ ಮಗ ಬಾಗಿಲಲ್ಲಿ ನಿಂತಿದ್ದಾನೆ. ಅಪ್ಪ ಪೇಪರ್ ಇಳಿಸಿ 'ಯಾವಾಗ ಬಂದೆ?' ಅಂತಾನೆ. ಮಗ ತನ್ನ ಚಪ್ಪಲಿ ನೋಡುತ್ತಾನೆ. ಮೂರು ಸೆಕೆಂಡ್ ಬಿಟ್ಟು 'ಈಗ' ಅಂತಾನೆ. ಆ ಸೀನ್‌ನಲ್ಲಿ ಇರುವುದೆಲ್ಲ ಆ ಮೂರು ಸೆಕೆಂಡೇ. ಒಂದೂವರೆ ಪಟ್ಟು ಓಡಿಸಿದರೆ ಎರಡೇ ಸೆಕೆಂಡ್. ನಟ ಅಳತೆ ಮಾಡಿ ಇಟ್ಟ ಮೌನವನ್ನು ನಿಮ್ಮ ಮಗ ಕತ್ತರಿಸಿ ಎಸೆದ. ಹಾಸ್ಯಕ್ಕೆ ಇನ್ನೂ ಕಷ್ಟ. ನಗು ಬರುವುದೇ ತಡವಾಗಿ ಬಂದ ಉತ್ತರಕ್ಕೆ. ಅವನಿಗೆ ಬೈಯಬೇಡಿ. ಒಂದು ಒಳ್ಳೆಯ ಹಾಸ್ಯದ ಸೀನನ್ನು ಎರಡೂ ವೇಗದಲ್ಲಿ ಹಾಕಿ ತೋರಿಸಿ. ಯಾವುದಕ್ಕೆ ನಗುತ್ತಾನೋ ನೋಡೋಣ.

ಪ್ರಶ್ನೆ: ನಾಯಕಿ ಮಲಗಿ ಏಳುವಾಗಲೂ ಲಿಪ್‌ಸ್ಟಿಕ್ ಹಾಗೇ ಇರುತ್ತದಲ್ಲ?
– ಅಚ್ಚರಿಗೊಂಡವಳು

ಅವಳು ಮಲಗಿದ್ದೇ ಎಂಟು ಸೆಕೆಂಡ್. ನೀವು ಗಮನಿಸಬೇಕಾದ್ದು ಕಿವಿಯ ಜುಮುಕಿ.

ಪ್ರಶ್ನೆ: ಹಾಸ್ಯ ಕಾರ್ಯಕ್ರಮಗಳಲ್ಲಿ ಹಿಂದಿನಿಂದ ನಗುವಿನ ಸದ್ದು ಹಾಕುತ್ತಾರಲ್ಲ, ಅದು ನಿಜವಾದ ಜನರದ್ದಾ? ನನಗೆ ನಗು ಬರುವ ಬದಲು ಮುಜುಗರವಾಗುತ್ತದೆ.
– ನಗಲು ಹೊರಟವನು

ಎರಡೂ ಇದೆ. ಜನರನ್ನು ಕೂರಿಸಿ ಅವರ ಎದುರೇ ಚಿತ್ರೀಕರಣ ಮಾಡುವ ಕಾರ್ಯಕ್ರಮಗಳಲ್ಲಿ ನಿಜವಾದ ನಗು. ಇನ್ನು ಕೆಲವಕ್ಕೆ ಮೊದಲೇ ರೆಕಾರ್ಡ್ ಮಾಡಿದ ನಗು. 1950ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಡಗ್ಲಸ್ ಅನ್ನುವ ಸೌಂಡ್ ಎಂಜಿನಿಯರ್ ಇದಕ್ಕಾಗಿಯೇ ಒಂದು ಯಂತ್ರ ಮಾಡಿದರು. ಕೀಲಿ ಒತ್ತಿದರೆ ಮುಸಿಮುಸಿ ನಗು, ಇನ್ನೊಂದು ಒತ್ತಿದರೆ ಗಹಗಹಿಸುವ ನಗು. ವರ್ಷಗಟ್ಟಲೆ ಅಲ್ಲಿನ ಎಷ್ಟೋ ಕಾರ್ಯಕ್ರಮಗಳಿಗೆ ಆ ಪೆಟ್ಟಿಗೆಯಿಂದಲೇ ನಗು ಸರಬರಾಜು.

'ಮ್ಯಾಶ್' ಅಂತ ಒಂದು ಸರಣಿ ಬರುತ್ತಿತ್ತು, 1972ರಿಂದ 1983ರವರೆಗೆ. ಯುದ್ಧಭೂಮಿಯ ಆಸ್ಪತ್ರೆಯ ಹಾಸ್ಯ. ಮಾಡಿದವರಿಗೆ ಈ ನಗು ಬೇಡವಾಗಿತ್ತು, ಚಾನೆಲ್ ಬಿಡಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು: ಆಪರೇಷನ್ ಥಿಯೇಟರಿನ ಸೀನ್‌ಗಳಲ್ಲಿ ನಗು ಹಾಕುವ ಹಾಗಿಲ್ಲ. ಇಂಗ್ಲೆಂಡಿನ ಬಿಬಿಸಿ ಇದೇ ಸರಣಿಯನ್ನು ನಗುವಿಲ್ಲದೆ ಪ್ರಸಾರ ಮಾಡಿತು. ಹಾಸ್ಯವೇನೂ ಸತ್ತುಹೋಗಲಿಲ್ಲ.

ನಿಮ್ಮ ಮುಜುಗರ ಸರಿಯಾದದ್ದೇ. ಯಾರೋ ನಮ್ಮ ಪಕ್ಕೆ ತಿವಿದು 'ನಗು ನಗು' ಅಂದ ಹಾಗೆ ಅದು. ನಮ್ಮ ಕಾಮಿಡಿ ಶೋಗಳಲ್ಲಂತೂ ತೀರ್ಪುಗಾರರು ಮೇಜು ಕುಟ್ಟಿ ನಗುವುದನ್ನು ಬೇರೆ ತೋರಿಸುತ್ತಾರೆ. ಜೋಕು ಹೇಳಿದವರ ಮುಖಕ್ಕಿಂತ ಅವರ ಮುಖವೇ ಜಾಸ್ತಿ ಹೊತ್ತು.

ಪ್ರಶ್ನೆ: ಸಿನಿಮಾ ಎಷ್ಟೇ ಕೆಟ್ಟದಾಗಿರಲಿ, ದುಡ್ಡು ಕೊಟ್ಟಿದ್ದೀವಿ ಅಂತ ನಮ್ಮ ಯಜಮಾನರು ಕೊನೆಯವರೆಗೂ ಕೂರಿಸುತ್ತಾರೆ. ಅರ್ಧಕ್ಕೆ ಎದ್ದು ಬರುವುದು ತಪ್ಪೇ?
– ಬೆನ್ನು ನೋವಿನವಳು

ದುಡ್ಡು ಟಿಕೆಟ್ ಕೊಂಡ ಕ್ಷಣವೇ ಹೋಯಿತು. ಕೂತರೂ ವಾಪಸ್ ಬರುವುದಿಲ್ಲ, ಎದ್ದರೂ ಬರುವುದಿಲ್ಲ. ನಿಮ್ಮ ಕೈಲಿ ಉಳಿದಿರುವುದು ಇನ್ನೊಂದು ಗಂಟೆ ಮಾತ್ರ. ಅದನ್ನೂ ಯಾಕೆ ಕೊಡಬೇಕು ಅಂತ ಯಜಮಾನರನ್ನು ಕೇಳಿ.

ಆದರೆ ಎದ್ದು ಬರುವುದಕ್ಕೂ ಒಂದು ಲೆಕ್ಕ ಬೇಕು. ನಿಧಾನವಾಗಿದೆ ಅಂತ ಏಳಬೇಡಿ. ಅರ್ಥವಾಗುತ್ತಿಲ್ಲ ಅಂತಲೂ ಏಳಬೇಡಿ, ನಿರ್ದೇಶಕರು ಏನನ್ನೋ ಮುಚ್ಚಿಟ್ಟಿರಬಹುದು. ಮುಂದಿನ ಮಾತು ನಿಮಗೆ ನಟನಿಗಿಂತ ಮೊದಲೇ ಗೊತ್ತಾಗುತ್ತಿದ್ದರೆ, ಅದೂ ಒಂದರ ಹಿಂದೊಂದು ಸೀನ್‌ನಲ್ಲಿ, ಆಗ ಏಳಿ. ಪರದೆಯ ಮೇಲೆ ಯಾರಿಗೆ ಏನಾದರೂ ನನಗೇನು ಅನ್ನಿಸಿದರೂ ಏಳಿ. ಇಂಟರ್‌ವಲ್ ಇರುವುದೇ ಮರ್ಯಾದೆಯಿಂದ ಹೊರಡಲಿಕ್ಕೆ. ಮನೆಯಲ್ಲಾದರೆ ಅಷ್ಟೂ ಕಾಯಬೇಕಿಲ್ಲ.

ಪ್ರಶ್ನೆ: ನನ್ನ ಗಂಡ ಎಲ್ಲಾ ಸಿನಿಮಾದ ಕೊನೆಯನ್ನು ಮೊದಲೇ ಓದಿಕೊಂಡು ಬಂದು, ಮಧ್ಯದಲ್ಲಿ 'ಇವನೇ ಕೊಲೆಗಾರ' ಅಂದುಬಿಡುತ್ತಾರೆ. ನಾನು ನೋಡುವುದನ್ನೇ ಬಿಟ್ಟಿದ್ದೇನೆ.
– ಸಸ್ಪೆನ್ಸ್ ಕಳೆದುಕೊಂಡವಳು

ಅವರಿಗೆ ಬೇರೆ ಕೋಣೆ ಕೊಡಿ. 1960ರಲ್ಲಿ ಹಿಚ್‌ಕಾಕ್ 'ಸೈಕೋ' ಬಿಡುಗಡೆ ಮಾಡಿದಾಗ, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರ್‌ಗಳಿಗೆ ಕಟ್ಟುನಿಟ್ಟು ಮಾಡಿದ್ದರು. ಕಾರಣ, ಪೋಸ್ಟರಿನಲ್ಲಿರುವ ನಾಯಕಿ ಅರ್ಧ ಸಿನಿಮಾ ಮುಗಿಯುವ ಮೊದಲೇ ಸಾಯುತ್ತಾಳೆ. ತಡವಾಗಿ ಬಂದವರು ಅವಳಿಗಾಗಿ ಕಾಯುತ್ತಾ ಕೂತಿರಬೇಕಿತ್ತು. (ಇದನ್ನು ಹೇಳಿಬಿಟ್ಟೆ ಅಂತ ಬೈಯಬೇಡಿ. 60 ವರ್ಷ ದಾಟಿದ ಗುಟ್ಟಿಗೆ ವಿನಾಯಿತಿ ಇದೆ.)

ನಿಮ್ಮ ಗಂಡನ ಪರವಾಗಿಯೂ ಒಂದು ಮಾತಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್‌ನ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಣ್ಣಕಥೆಗಳ ಕೊನೆಯನ್ನು ಮೊದಲೇ ಹೇಳಿ ಓದಿಸಿದರೆ, ಓದಿದವರು ಕಥೆಯನ್ನು ಹೆಚ್ಚೇ ಮೆಚ್ಚಿದರಂತೆ. ಅದು ಸಣ್ಣಕಥೆಗೆ ಸಂಬಂಧಿಸಿದ್ದು, ಎರಡೂವರೆ ಗಂಟೆಯ ಸಿನಿಮಾಕ್ಕಲ್ಲ ಅಂತ ನೀವು ವಾದಿಸಬಹುದು. ನನ್ನ ಅನುಭವ ಹೀಗೆ: ಕೊನೆ ಗೊತ್ತಾದ ಕೂಡಲೇ ಕುಸಿದು ಬೀಳುವ ಸಿನಿಮಾದಲ್ಲಿ ಮೊದಲಿಂದಲೂ ಆ ಕೊನೆ ಬಿಟ್ಟು ಬೇರೇನೂ ಇರುವುದಿಲ್ಲ. ಒಳ್ಳೆಯ ಪತ್ತೇದಾರಿ ಸಿನಿಮಾವನ್ನು ಎರಡನೆಯ ಸಲ ನೋಡುವಾಗ ಕೊಲೆಗಾರನ ಕೈಯನ್ನೇ ನೋಡುತ್ತಾ ಕೂರಬಹುದು. ಪೊಲೀಸರು ಬಂದಾಗ ಅವನು ಲೋಟ ಹೇಗೆ ಹಿಡಿದುಕೊಳ್ಳುತ್ತಾನೆ, ಯಾವ ಪ್ರಶ್ನೆಗೆ ಬೇಗ ಉತ್ತರ ಕೊಡುತ್ತಾನೆ ಅಂತ. ಅದರ ರುಚಿಯೇ ಬೇರೆ.

ಆದರೂ ಮೊದಲ ಸಲದ ರುಚಿ ನಿಮ್ಮದು. ಅದನ್ನು ಕಿತ್ತುಕೊಳ್ಳುವ ಹಕ್ಕು ಗಂಡನಿಗಿಲ್ಲ.

ಪ್ರಶ್ನೆ: 'ನೈಜ ಘಟನೆ ಆಧಾರಿತ' ಅಂತ ಬಂದರೆ ನಾನು ಇನ್ನೂ ಜಾಸ್ತಿ ಅಳುತ್ತೇನೆ. ಅದನ್ನು ನಂಬಬಹುದಾ?
– ಕರವಸ್ತ್ರ ಹಿಡಿದೇ ಕೂರುವವಳು

'ಫಾರ್ಗೋ' ಅನ್ನುವ 1996ರ ಸಿನಿಮಾ ಶುರುವಾಗುವುದೇ 'ಇದು ನಿಜವಾದ ಕಥೆ' ಅನ್ನುವ ಸಾಲಿನಿಂದ. ಬದುಕಿರುವವರ ಕೋರಿಕೆಯಂತೆ ಹೆಸರು ಬದಲಾಯಿಸಿದ್ದೇವೆ, ಸತ್ತವರ ಮೇಲಿನ ಗೌರವದಿಂದ ಉಳಿದದ್ದನ್ನು ನಡೆದ ಹಾಗೇ ಹೇಳಿದ್ದೇವೆ ಅಂತ ಬೇರೆ ಸೇರಿಸಿದ್ದಾರೆ. ಆ ಕಥೆ ಕಟ್ಟಿದ್ದು. ಹಾಗಂತ ಸಿನಿಮಾ ಕೆಟ್ಟದ್ದಲ್ಲ, ಬಹಳ ಒಳ್ಳೆಯದು. ಅಳುವುದಿದ್ದರೆ ಸೀನ್ ನೋಡಿ ಅಳಿ, ಬೋರ್ಡು ನೋಡಿ ಅಳಬೇಡಿ.

ಪ್ರಶ್ನೆ: ಸತ್ತ ಪಾತ್ರ ಆರು ತಿಂಗಳ ಮೇಲೆ ನಗುನಗುತ್ತಾ ಬಂತು. ಇನ್ನೊಂದು ಸೀರಿಯಲ್‌ನಲ್ಲಿ ನಾಯಕನ ಮುಖವೇ ಬದಲಾಯಿತು. ನಮ್ಮನ್ನು ಏನು ಅಂದುಕೊಂಡಿದ್ದಾರೆ?
– ಲಾಜಿಕ್ ಹುಡುಕುವವರು

ಮುಖ ಬದಲಾದದ್ದಕ್ಕೆ ನಾನು ಬೈಯುವುದಿಲ್ಲ. ನಟರಿಗೆ ಬೇರೆ ಅವಕಾಶ ಬರುತ್ತದೆ, ಜಗಳ ಆಗುತ್ತದೆ, ಆರೋಗ್ಯ ಕೆಡುತ್ತದೆ. ದಿನದ ಸೀರಿಯಲ್ ನಿಲ್ಲುವ ಹಾಗಿಲ್ಲ. 'ಇನ್ನು ಮುಂದೆ ಈ ಪಾತ್ರದಲ್ಲಿ ಇವರು' ಅಂತ ಒಂದು ಸಾಲು ಹಾಕಿ ಮುಂದೆ ಹೋಗುವುದೇ ವಾಸಿ. ಅಪಘಾತ ಮಾಡಿಸಿ, ಬ್ಯಾಂಡೇಜ್ ಸುತ್ತಿ, ಪ್ಲಾಸ್ಟಿಕ್ ಸರ್ಜರಿ ಮಾಡಿಸಿ ಹೊಸ ಮುಖ ತೋರಿಸುತ್ತಾರಲ್ಲ, ಅದು ಬೇಡ. ಸರ್ಜರಿಯಲ್ಲಿ ಎತ್ತರವೂ ಅರ್ಧ ಅಡಿ ಹೆಚ್ಚಾಗಿರುತ್ತದೆ.

ಸತ್ತವರು ಬರುವ ವಿದ್ಯೆಯಲ್ಲಿ ಅಮೆರಿಕದವರು ಎಲ್ಲರಿಗೂ ಗುರುಗಳು. 'ಡಲ್ಲಾಸ್' ಸೀರಿಯಲ್‌ನಲ್ಲಿ ಬಾಬಿ ಅನ್ನುವ ಪಾತ್ರವನ್ನು 1985ರಲ್ಲಿ ಸಾಯಿಸಿದರು. ಪಾತ್ರ ಮಾಡುತ್ತಿದ್ದ ಪ್ಯಾಟ್ರಿಕ್ ಡಫಿ ಹೊರಗೆ ಹೋಗಿದ್ದರು. ಮುಂದಿನ ವರ್ಷ ಅವರನ್ನು ವಾಪಸ್ ಕರೆಸಿದರು. ಹೇಗೆ? ಬಾಬಿಯ ಮಾಜಿ ಹೆಂಡತಿ ಬೆಳಗ್ಗೆ ಏಳುತ್ತಾಳೆ, ಬಚ್ಚಲ ಬಾಗಿಲು ತೆಗೆಯುತ್ತಾಳೆ, ಬಾಬಿ ಸ್ನಾನ ಮಾಡುತ್ತಾ ನಿಂತಿದ್ದಾನೆ. ಅವನು ಸತ್ತಿದ್ದು, ಆಮೇಲೆ ಒಂದು ವರ್ಷ ನಡೆದದ್ದು, ಎಲ್ಲಾ ಅವಳ ಕನಸು! ಅಷ್ಟು ದಿನ ನೋಡಿದವರ ಗತಿ ಏನು ಅಂತ ಯಾರೂ ಕೇಳಲಿಲ್ಲ. ಅದಾದ ಮೇಲೂ ಸೀರಿಯಲ್ 1991ರವರೆಗೆ ನಡೆಯಿತು. ಬೈಯುತ್ತಲೇ ನೋಡಿದರು ಅಂತಾಯಿತು. ಹಾಗಾಗಿ ನಮ್ಮನ್ನು ಏನು ಅಂದುಕೊಂಡಿದ್ದಾರೆ ಅನ್ನುವ ಪ್ರಶ್ನೆಗೆ ಉತ್ತರ: ನಾಳೆಯೂ ಬರುವವರು ಅಂದುಕೊಂಡಿದ್ದಾರೆ.

ಪ್ರಶ್ನೆ: ಬೇರೆ ಬೇರೆ ಸಿನಿಮಾಗಳಲ್ಲಿ ಒಂದೇ ಕಿರುಚಾಟ ಕೇಳಿದ ಹಾಗೆ ಆಗುತ್ತದೆ. ನನ್ನ ಭ್ರಮೆಯಾ?
– ಕಿವಿ ಚುರುಕಿನವನು

ಭ್ರಮೆಯಲ್ಲ. 1951ರ ಒಂದು ಸಿನಿಮಾಕ್ಕೆ ರೆಕಾರ್ಡ್ ಮಾಡಿದ ಕಿರುಚಾಟ ಅದು. 'ವಿಲ್‌ಹೆಲ್ಮ್ ಸ್ಕ್ರೀಮ್' ಅಂತ ಹೆಸರು. ಸೌಂಡ್ ಡಿಸೈನರ್ ಬೆನ್ ಬರ್ಟ್ 1977ರಲ್ಲಿ 'ಸ್ಟಾರ್ ವಾರ್ಸ್'ಗೆ ಅದನ್ನು ಹಾಕಿದ ಮೇಲೆ ಉಳಿದ ಸೌಂಡ್ ಎಂಜಿನಿಯರ್‌ಗಳಿಗೂ ಅದೊಂದು ತಮಾಷೆಯಾಯಿತು. ನೂರಾರು ಸಿನಿಮಾಗಳಲ್ಲಿ ಇದೆ. ಯಾರಾದರೂ ಎತ್ತರದಿಂದ ಬೀಳುವಾಗ ಕಿವಿ ಕೊಡಿ.

ಪ್ರಶ್ನೆ: ಭಾಷೆ ಬರದ ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಬಹುದಾ?
– ಹೊಸದಾಗಿ ಶುರು ಮಾಡಿದವನು

ನೋಡಿ, ಒಳ್ಳೆಯ ಪರೀಕ್ಷೆ ಅದು. ಮಾತಿಲ್ಲದೆಯೂ ಅರ್ಧ ಕಥೆ ಗೊತ್ತಾದರೆ ನಿರ್ದೇಶಕರು ಕೆಲಸ ಮಾಡಿದ್ದಾರೆ ಅಂತ. ಸಿಂಗೀತಂ ಶ್ರೀನಿವಾಸ ರಾವ್ 1987ರಲ್ಲಿ 'ಪುಷ್ಪಕ ವಿಮಾನ' ಮಾಡಿದಾಗ ಸಂಭಾಷಣೆಯನ್ನೇ ತೆಗೆದುಹಾಕಿದರು. ಸದ್ದೆಲ್ಲ ಇದೆ, ಮಾತಿಲ್ಲ. ಯಾವ ಭಾಷೆಯವರಿಗೂ ಡಬ್ಬಿಂಗ್ ಬೇಕಾಗಲಿಲ್ಲ. ನಮ್ಮ ಸೀರಿಯಲ್ ಒಂದನ್ನು ಮ್ಯೂಟ್ ಮಾಡಿಯೂ ನೋಡಿ. ಅದೂ ಪೂರ್ತಿ ಅರ್ಥವಾಗುತ್ತದೆ, ಆದರೆ ಕಾರಣ ಬೇರೆ.

ಪ್ರಶ್ನೆ: ಒಂದೇ ಕೋಣೆಯಲ್ಲಿ ನಡೆಯುವ ಸಿನಿಮಾಗಳಿಗೆ ಎಲ್ಲರೂ ಹೊಗಳುತ್ತಾರೆ. ನನಗೆ ಉಸಿರು ಕಟ್ಟುತ್ತದೆ. ನನ್ನ ಅಭಿರುಚಿಯೇ ಕೆಟ್ಟಿದೆಯೇ?
– ಹಾಡು ಫೈಟು ಬೇಕೆನ್ನುವವರು

ಉಸಿರು ಕಟ್ಟಿಸುವುದೇ ಅವರ ಉದ್ದೇಶ ಇರಬಹುದು ಸಾರ್. ಸಿಡ್ನಿ ಲೂಮೆಟ್ ನಿರ್ದೇಶನದ '12 ಆ್ಯಂಗ್ರಿ ಮೆನ್' 1957ರದ್ದು, ಕಪ್ಪು ಬಿಳುಪು, 96 ನಿಮಿಷ. ಹೆಚ್ಚುಕಡಿಮೆ ಇಡೀ ಸಿನಿಮಾ ಒಂದು ಕೋಣೆ, ಒಂದು ಮೇಜು, ಜ್ಯೂರಿ ಅಂತ ಕೋರ್ಟು ತೀರ್ಪಿಗೆ ಕೂರಿಸಿದ 12 ಸಾಮಾನ್ಯ ಜನ. ಕೊಲೆ ಆರೋಪ ಹೊತ್ತ ಒಬ್ಬ ಹುಡುಗ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನ ಮಾಡಬೇಕು. ಸೆಕೆ. ಫ್ಯಾನ್ ತಿರುಗುವುದಿಲ್ಲ. ಮೊದಲ ಓಟಿನಲ್ಲಿ 11 ಜನ ತಪ್ಪಿತಸ್ಥ ಅಂತಾರೆ, ಒಬ್ಬ ಮಾತ್ರ ಅಲ್ಲ ಅಂತಾನೆ.

ನಾನು ಇದನ್ನು ಹಾಕಿಕೊಂಡದ್ದೇ ಬುಟ್ಟಿ ಖಾಲಿಯಾಗಲಿ ಅಂತ. ಆ ಚಾಕುವಿನ ಸೀನ್ ಬಂತು. ಕೊಲೆಗೆ ಬಳಸಿದ್ದು ಅಪರೂಪದ ಚಾಕು, ಅಂಥದ್ದು ಇನ್ನೊಂದಿಲ್ಲ ಅಂತ ಎಲ್ಲರೂ ವಾದ ಮಾಡುತ್ತಿದ್ದಾರೆ. ಒಪ್ಪದ ಆ ಒಬ್ಬ ಮನುಷ್ಯ ಜೇಬಿಗೆ ಕೈ ಹಾಕಿ, ಅಂಥದ್ದೇ ಇನ್ನೊಂದು ಚಾಕು ತೆಗೆದು ಮೇಜಿಗೆ ಚುಚ್ಚಿ ನಿಲ್ಲಿಸುತ್ತಾನೆ. ದಿಂಬಿನ ಕವರ್ ನನ್ನ ಕೈಲಿ ಹಾಗೇ ಉಳಿಯಿತು. ಫೈಟ್ ಇಲ್ಲ ಅಂದವರು ಯಾರು?

ಇನ್ನು ನಿಮ್ಮ ಉಸಿರಿನ ವಿಷಯ. ಲೂಮೆಟ್ ಮೊದಲ ಭಾಗದಲ್ಲಿ ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲೆ ಇಟ್ಟರು, ನಡುಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ತಂದರು, ಕೊನೆಯ ಭಾಗದಲ್ಲಿ ಅದಕ್ಕಿಂತ ಕೆಳಗೆ ಇಳಿಸಿದರು. ಹಾಗಾಗಿ ಕೊನೆಗೆ ಛಾವಣಿ ಕಾಣಲು ಶುರುವಾಗುತ್ತದೆ, ತಲೆ ಮೇಲೆ ಕೂತಿದೆ ಅನ್ನಿಸುತ್ತದೆ. ಲೆನ್ಸನ್ನೂ ಹಂತಹಂತವಾಗಿ ಬದಲಾಯಿಸಿ, ಗೋಡೆಗಳು ಬೆನ್ನ ಹಿಂದೆಯೇ ಬಂದು ನಿಂತ ಹಾಗೆ ಮಾಡಿದರು. ಕೋಣೆ ಅಷ್ಟೇ ದೊಡ್ಡದು, ನಮಗೆ ಮಾತ್ರ ಕಿರಿದಾಗುತ್ತಾ ಹೋಗುತ್ತದೆ. ಇದು ಗೊತ್ತಿಲ್ಲದೆಯೂ ನಿಮಗೆ ಉಸಿರು ಕಟ್ಟಿತು ಅಂದರೆ ನಿಮ್ಮ ಅಭಿರುಚಿ ಸರಿಯಾಗಿಯೇ ಇದೆ. ಹಾಡು ಬೇಕಾದರೆ ಆಮೇಲೆ ಕೇಳಿಕೊಳ್ಳಿ.

ಪ್ರಶ್ನೆ: ಹಿಂದಿನ ಟೀವಿ ಕಾರ್ಯಕ್ರಮಗಳೇ ಚೆನ್ನಾಗಿದ್ದವು, ಅಲ್ವಾ?
– ದೂರದರ್ಶನದ ಕಾಲದವರು

ಎಲ್ಲವೂ ಅಲ್ಲ. ಚೆನ್ನಾಗಿದ್ದಂಥವು ನೆನಪಿನಲ್ಲಿ ಉಳಿದವು, ಮಿಕ್ಕವು ಮರೆತುಹೋದವು. 'ತಡೆಗಾಗಿ ಕ್ಷಮಿಸಿ' ಅನ್ನುವ ಫಲಕವನ್ನು ಎಷ್ಟು ಹೊತ್ತು ನೋಡಿದ್ದೇವೆ ಅನ್ನುವುದು ಯಾರಿಗೂ ನೆನಪಿಲ್ಲ. ಆದರೆ ಶಂಕರ್‌ನಾಗ್ ಮಾಡಿದ 'ಮಾಲ್ಗುಡಿ ಡೇಸ್' ಈಗಲೂ ಹಾಕಿದರೆ ನೋಡುತ್ತೇನೆ. ಆಗುಂಬೆಯಲ್ಲಿ ತೆಗೆದದ್ದು, 1980ರ ದಶಕದ್ದು. ಹೆಚ್ಚಿನ ಕಥೆಗಳು ಒಂದೇ ಕಂತಿಗೆ ಮುಗಿಯುತ್ತವೆ. ಯಾರೂ ಕಿರುಚುವುದಿಲ್ಲ. ಹುಡುಗ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್. ಆ ಅಪ್ಪ ಸುಮ್ನೆ ಮಗನ ಕಡೆ ನೋಡಿದರೆ ಸಾಕು, ನಮಗೇ ಲೆಕ್ಕ ಮಾಡಲು ಕೂರೋಣ ಅನ್ನಿಸುತ್ತದೆ. ಈಗಿನವರು ಕಲಿಯಬಹುದಾದ್ದು ಒಂದಿದ್ದರೆ ಇದು: ಕಥೆ ಮುಗಿದಾಗ ನಿಲ್ಲಿಸುವುದು.

ಪ್ರಶ್ನೆ: ಒಂದೇ ಕಂತು ನೋಡಿ ಮಲಗೋಣ ಅಂತ ಕೂರುತ್ತೇನೆ. ತಲೆ ಎತ್ತಿದರೆ ರಾತ್ರಿ ಎರಡು ಗಂಟೆ. ಉಪಾಯ ಹೇಳಿ.
– ಕಣ್ಣು ಕೆಂಪಾದವನು

2013ರ ಫೆಬ್ರುವರಿ 1ರಂದು ನೆಟ್‌ಫ್ಲಿಕ್ಸ್ 'ಹೌಸ್ ಆಫ್ ಕಾರ್ಡ್ಸ್' ಸರಣಿಯ 13 ಕಂತನ್ನೂ ಒಟ್ಟಿಗೆ ಬಿಟ್ಟಿತು. ವಾರ ಕಾಯುವ ಪದ್ಧತಿಗೆ ಆಗ ಪೆಟ್ಟು ಬಿತ್ತು. ಪ್ರೊಫೈಲ್ ಸೆಟ್ಟಿಂಗ್ಸ್‌ನಲ್ಲಿ ಮುಂದಿನ ಕಂತು ತಾನಾಗಿ ಶುರುವಾಗುವುದನ್ನು ಆಫ್ ಮಾಡಬಹುದು. ಮೊದಲು ಅದನ್ನು ಮಾಡಿ.

ಅದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿದೆ. ಕಂತಿನ ಕೊನೆಗೆ ನಿಲ್ಲಿಸಬೇಡಿ. ಕೊನೆಯ ಸೀನನ್ನು ಬರೆದಿರುವುದೇ ನೀವು ಮಲಗಬಾರದು ಅಂತ. ಬಾಗಿಲು ತೆರೆಯುತ್ತದೆ, ಯಾರೋ ನಿಂತಿದ್ದಾರೆ, ಕತ್ತಲು. ಆಗ ಯಾರಿಗೆ ನಿದ್ದೆ ಬರುತ್ತದೆ? ಮುಂದಿನ ಕಂತಿನ ಹತ್ತು ನಿಮಿಷ ನೋಡಿ. ನಿಂತಿದ್ದವನು ಹಾಲಿನವನೋ ಕೊಲೆಗಾರನೋ ಅಂತ ಗೊತ್ತಾಗುತ್ತದೆ, ಕುತೂಹಲ ತಣ್ಣಗಾಗುತ್ತದೆ, ಹೊಸ ಗಂಟು ಇನ್ನೂ ಬಿದ್ದಿರುವುದಿಲ್ಲ. ಅಲ್ಲಿ ನಿಲ್ಲಿಸಿ. ಪ್ರತಿ ಕಂತಿನ ಮಧ್ಯ ಭಾಗದಲ್ಲಿ ಇಂಥ ಒಂದು ಸಪ್ಪೆ ಜಾಗ ಇರುತ್ತದೆ. ಮಲಗಲಿಕ್ಕೆ ಹೇಳಿ ಮಾಡಿಸಿದ್ದು.

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ನಮ್ಮ ಹೀರೋ ಎಂಟ್ರಿ ಉದ್ದವಾಯಿತು ಅಂತ ಬರೆದಿದ್ದೀರಿ. ಅಭಿಮಾನಿಗಳಿಗೆ ನೋವಾಗಿದೆ. ನಿಮಗೆ ಮಾಸ್ ಸಿನಿಮಾ ಅರ್ಥ ಆಗುವುದಿಲ್ಲ.
– ಕಟ್ಟಾ ಅಭಿಮಾನಿ

ಅರ್ಥವಾಗುತ್ತದಪ್ಪಾ. ಮೊದಲು ಬೂಟು, ಆಮೇಲೆ ಕೈಗಡಿಯಾರ, ಆಮೇಲೆ ಬೆನ್ನು, ಗಾಳಿಗೆ ಹಾರುವ ಕೋಟು, ಕನ್ನಡಕ, ಕನ್ನಡಕದಲ್ಲಿ ಬಿದ್ದು ಹೊರಳುವ ರೌಡಿಗಳು, ಕೊನೆಗೆ ಮುಖ. ಥಿಯೇಟರಿನಲ್ಲಿ ಶಿಳ್ಳೆ ಹೊಡೆಯಲು ಜಾಗ ಬಿಟ್ಟು ಮಾಡಿದ ಸೀನ್ ಅದು. ನಾನು ನೋಡಿದ್ದು ಮನೆಯಲ್ಲಿ. ಶಿಳ್ಳೆ ಹೊಡೆಯುವವರು ಯಾರೂ ಇರಲಿಲ್ಲ, ಅದಕ್ಕೆ ಉದ್ದ ಅನ್ನಿಸಿತು. ಅದೇ ಸಿನಿಮಾದಲ್ಲಿ ನಿಮ್ಮ ಹೀರೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಅಮ್ಮನ ಚಪ್ಪಲಿ ಜೋಡಿಸಿಡುವ ಸೀನ್ ಇದೆ. ಸಂಗೀತ ಇಲ್ಲ, ಸ್ಲೋ ಮೋಷನ್ ಇಲ್ಲ. ಅದು ಬಹಳ ಚೆನ್ನಾಗಿದೆ ಅಂತಲೂ ಅದೇ ಉತ್ತರದ ಕೊನೆಯಲ್ಲಿ ಬರೆದಿದ್ದೆ. ಪುಟ ತಿರುಗಿಸಿ ಓದಿ.